ನಿಮ್ಮಪ್ಪಗ ಹೇಳು

ಚೀಲಕ್ಕೆ ನಾನೂರೈವತ್ತು, ಬೂಟಿಗೆ ಮುನ್ನೂರ ಇಪ್ಪತ್ತು, ನೀರಿನ ಬಾಟಲಿಗೆ ನೂರಾ ಹತ್ತು. ಬಳ್ಳಾರಿಯ ಪೇಟೆಯಲ್ಲಿ ಇಷ್ಟನ್ನು ತೆತ್ತು ತೆಕ್ಕಲಕೋಟೆಯ ಬಸ್ಸು ಹತ್ತಿದ ಆ ಸಂಸಾರದ ಮೇಲೆ ವೈಶಾಖದ ಸಂಜೆಬೆಳಕು ಅದೆಷ್ಟು ಉದಾರವಾಗಿ ಸುರಿಯುತ್ತಿತ್ತು! ಕುರುಗೋಡಿನ ಬಂಡೆಗುಡ್ಡಗಳು ಹಗಲಿಡೀ ಹೀರಿದ ಕಾವನ್ನು ಹೊಂಬಣ್ಣವಾಗಿ ಮರಳಿಸುತ್ತಿದ್ದವು. ಕೊಯ್ಲು ಮುಗಿದ ಗದ್ದೆಗಳ ಕೂಳೆಯ ಮೇಲೆ, ನೀರಿಲ್ಲದ ಕಾಲುವೆಯ ಮೇಲೆ, ಮೊದಲ ಮಳೆಯನ್ನು ಕಾಯುವ ಗಂಭೀರ ಮೌನವೊಂದು ಹಬ್ಬಿತ್ತು...

ಅದೇ ಮೌನ ಬಸ್ಸಿನೊಳಗೂ ಇತ್ತು. ಕಿಟಕಿಯ ಪಕ್ಕ ಜಂಬಮ್ಮ, ಈಚೆಗೆ ಅವಳ ಗಂಡ ಅಂಜಿನೇಯ, ನಡುವೆ ಆರು ವರ್ಷದ ಮಗಳು ಪೂಜಿತಾ.

"ನಿಮ್ಮಪ್ಪಗ ಹೇಳವಾ, ಟಿಕೆಟ್ ಜ್ವಾಕಿ ಅಂತ," ಎಂದಳು ಜಂಬಮ್ಮ.

"ಅಪ್ಪಾ, ಟಿಕೆಟ್ ಜ್ವಾಕಿ ಅಂತ."

"ಕಿಸೆದಾಗ ಐತಿ ಅಂತ ಹೇಳು ನಿಮ್ಮವ್ವಗ."

ಕಂಡಕ್ಟರು ನಕ್ಕ: "ಏನಣ್ಣಾ, ನಡುವ ಒಂದು ಫೋನ್ ಕುಂದ್ರಿಸೀರೇನು?"

ಎಂಟು ತಿಂಗಳಾಗಿತ್ತು. ಬಾದನಹಟ್ಟಿಯ ತವರಿನಿಂದ ಕರುವಾಗಿ ತಂದು ಅವಳು ಕೈಯಾರೆ ಮೇಯಿಸಿ ಬೆಳೆಸಿದ ಎಮ್ಮೆಯನ್ನು, ಒಂದು ಮಾತೂ ಕೇಳದೆ ಅವನು ಮಾರಿಬಿಟ್ಟಿದ್ದ. ಅಂದಿನಿಂದ ಅವಳ ಮಾತು ಅವನತ್ತ ನೇರ ಹೊರಳಲಿಲ್ಲ. ಅವನ ಅಭಿಮಾನವೂ ಒಂದು ಹೆಜ್ಜೆ ಮುಂದಿಡಲಿಲ್ಲ. ಒಲವು ಬತ್ತಿರಲಿಲ್ಲ, ಸಹೃದಯರೇ! ಹೊಲದಿಂದ ಅವನು ಬರುವುದು ತಡವಾದರೆ, ಅನ್ನ ಮುಚ್ಚಿಟ್ಟು ಅವಳು ಬಾಗಿಲಲ್ಲೇ ನಿಂತಿರುತ್ತಿದ್ದಳು...

ಮರುದಿನ ಒಂದನೆಯ ತರಗತಿಗೆ ಹೆಸರು ಬರೆಸಲು ಮೂವರೂ ಶಾಲೆಗೆ ಹೋದರು. ಬೇಸಿಗೆಯಿಡೀ ಜಂಬಮ್ಮ ಮಗಳನ್ನು ಸಿದ್ಧಗೊಳಿಸಿದ್ದಳು: ತಾನೇ ಕೈತೊಳೆದು ಉಣ್ಣುವುದು, ಬಳಪ ಮುರಿದು ಪಕ್ಕದವರಿಗೆ ಅರ್ಧ ಕೊಡುವುದು, ಆಟದಲ್ಲಿ ಸೋತರೆ ಅಳದಿರುವುದು. ದಾಕ್ಷಾಯಣಿ ಟೀಚರು ಮಗುವಿನ ಗಲ್ಲ ಹಿಡಿದು ಹೆಸರು ಕೇಳಿದರು. ಪೂಜಿತಾ ತಾಯಿಯ ಸೆರಗು ಜಗ್ಗಿದಳು.

"ಟೀಚರಿಗೆ ಹೇಳವ್ವಾ, ನನ್ನ ಹೆಸರು ಪೂಜಿತಾ ಅಂತ."

ನೀರು ಬೇಕೇ ಎಂದರೆ, ತಂದೆಯತ್ತ ತಿರುಗಿದಳು: "ಬ್ಯಾಡ ಅಂತ ಹೇಳಪ್ಪಾ."

ಟೀಚರು ನಗಲಿಲ್ಲ. "ಮನ್ಯಾಗ ದೊಡ್ಡೋರು ಹ್ಯಾಂಗ ಮಾತಾಡ್ತೀರಿ?" ಎಂದರು. ಇಬ್ಬರೂ ಮಗಳತ್ತ ನೋಡಿದರು. "ಸಾಲ್ಯಾಗ ನಡುವ ನಿಂತು ಹೇಳಾಕ ಯಾರೂ ಇರಂಗಿಲ್ಲ ನೋಡ್ರಿ. ಹಸಿದ್ರೂ ಬಿದ್ರೂ ಆಕೀನ ಹೇಳಬೇಕು. ಸಾಲಿ ಸುರು ಆಗಾಕ ಇನ್ನ ಹತ್ತು ದಿನ ಐತಿ."

ಆ ಸಂಜೆ ಊಟಕ್ಕೆ ಕುಳಿತಾಗ ಜಂಬಮ್ಮ ಅಭ್ಯಾಸದಂತೆ "ನಿಮ್ಮಪ್ಪಗ..." ಎಂದು ಆರಂಭಿಸಿ ನಿಲ್ಲಿಸಿದಳು. ಎಂಟು ತಿಂಗಳ ಬಳಿಕ ಮೊದಲ ಸಲ, ಮೋಡ ಸರಿದ ಚಂದ್ರನಂತೆ ಅವಳ ಕಣ್ಣು ನೇರ ಅವನನ್ನು ಕಂಡಿತು!

"ಸಾರು ಹಾಕಲೇನು?"

"ಹಾಕು." ಅವನು ತಟ್ಟೆಯನ್ನು ಅವಳತ್ತ ಸರಿಸಿದ. "ಎಮ್ಮಿ ಮಾರಾಕ ಮುಂಚಿ ನಿನ್ನ ಕೇಳಬೇಕಿತ್ತು, ಜಂಬಿ."

"ಹೌದು. ಕೇಳಬೇಕಿತ್ತು."

ಕೆಲಸ ಕಳೆದುಕೊಂಡ ದೂತೆ ಇಬ್ಬರನ್ನೂ ಪಿಳಿಪಿಳಿ ನೋಡಿದಳು. "ಮತ್ತ ನಾ ಏನು ಹೇಳ್ಲಿ?"

"ನಿನಗೇನು ಬೇಕೋ ಅದನ್ನ ಹೇಳವಾ," ಎಂದ ಅಂಜಿನೇಯ.

ಮಗು ಯೋಚಿಸಿತು. "ನನಗೂ ಸಾರು."

ಶಾಲೆ ತೆರೆದ ದಿನ ಪೂಜಿತಾ ಬಾಗಿಲಲ್ಲಿ ಒಂದು ಕ್ಷಣ ತಾಯಿಯ ಸೆರಗಿಗೆ ಕೈಚಾಚಿದಳು, ಆಮೇಲೆ ಬಿಟ್ಟಳು. "ಟೀಚರ್, ನಾ ಪೂಜಿತಾ. ಎಲ್ಲಿ ಕುಂದ್ರಲಿ?"

ಹಿಂದಿರುಗುವ ದಾರಿಯಲ್ಲಿ ಗಂಡಹೆಂಡತಿಯ ನಡುವೆ ಯಾರೂ ಇರಲಿಲ್ಲ. ಮಕ್ಕಳಿಗೆ ನಾವು ಕಲಿಸಿದ್ದಕ್ಕಿಂತ, ಅವರೆದುರು ನಾವು ಬದುಕಿದ್ದೇ ಅವರ ಮೊದಲ ಪಾಠವಾಗುತ್ತದಲ್ಲವೇ! ಎಮ್ಮೆ ಮರಳಿ ಬರಲಿಲ್ಲ, ಆ ಎಂಟು ತಿಂಗಳೂ ಬರಲಿಲ್ಲ. ಮಗಳಿಗೆ ಅವಳ ಮಾತು ಸಿಕ್ಕಿತು, ಇವರಿಗೆ ಇವರದು.