ಮೊಳೆಯಲ್ಲಿ ತೂಗುತ್ತಿದ್ದ ಬೆಲ್ಟು

ಮಾನ್ಯ ವಾಚಕ ಮಹಾಶಯರೇ, ಎತ್ತರದಲ್ಲಿ ದುಡಿದು ಪರರ ತಲೆಗೆ ಸೂರು ಕಟ್ಟುವ ಸಹೋದರರ ಪ್ರಾಣರಕ್ಷಣೆಯ ವಿಚಾರವಾಗಿ ತಮ್ಮ ಅಮೂಲ್ಯ ಗಮನವನ್ನು ಕ್ಷಣಕಾಲ ಬೇಡುತ್ತೇವೆ.

ಬೆಳುವಾಯಿಯ ಸಂಕಪ್ಪ ಮಾಡಿಗೆ, ಅಂದರೆ ಛಾವಣಿಗೆ, ಶೀಟು ಹಾಸುವುದರಲ್ಲಿ ಎತ್ತಿದ ಕೈ. ಅವನ ಮನೆಯ ಗೋಡೆಯ ಮೊಳೆಯಲ್ಲಿ ಒಂದು ಸೇಫ್ಟಿ ಬೆಲ್ಟು ತೂಗುತ್ತಿತ್ತು. ಭುಜ, ಎದೆ, ತೊಡೆಗಳನ್ನು ಬಿಗಿದು ಹಿಡಿಯುವಂಥದ್ದು. ಹೆಂಡತಿ ರಾಜೀವಿ ಬೀಡಿ ಕಟ್ಟಿದ ದುಡ್ಡಿನಲ್ಲಿ ತಂದುಕೊಟ್ಟದ್ದು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದಕ್ಕೆ ಗಂಧ, ಸೇವಂತಿಗೆ. ಮರುದಿನ ಮತ್ತೆ ಮೊಳೆ.

ಆ ಬೆಳಗ್ಗೆ ವೇಣೂರಿನ ಅಕ್ಕಿ ಗಿರಣಿಯೊಂದರ ಹಳೆಯ ಸಿಮೆಂಟ್ ಶೀಟು ಬದಲಿಸಲು ಹೊರಟವನಿಗೆ ರಾಜೀವಿ ಬೆಲ್ಟು ಹಿಡಿದು ಅಡ್ಡ ನಿಂತಳು.

“ಇದನ್ನು ಬಿಟ್ಟು ಹೊಸ್ತಿಲು ದಾಟುವುದು ಬೇಡ.”

“ಇಪ್ಪತ್ತು ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದೇನಾ ಮಾರಾಯ್ತಿ? ಹಗ್ಗ ಕಟ್ಟಿದ ಎತ್ತು ಅಂತ ಜನ ನಗ್ತಾರೆ.”

“ಎತ್ತಾದರೂ ಸಂಜೆ ಹಟ್ಟಿಗೆ ಬರ್ತದೆ. ನನಗೆ ಅಷ್ಟು ಸಾಕು.”

ಸಂಕಪ್ಪ ಬೆಲ್ಟನ್ನು ಕೈಗೆ ತೆಗೆದುಕೊಂಡ. ಅವಳ ಸಮಾಧಾನಕ್ಕೆಂದು ತೊಟ್ಟ. ಗಿರಣಿಯ ಮಾಡು ಏರಿ, ಬೆಲ್ಟಿನ ಹಗ್ಗದ ಕೊಕ್ಕೆಯನ್ನು ಏಣಿಯ ತುದಿಗೆ ಸಿಕ್ಕಿಸಿದ. ಗಲ್ಫಿನಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿ ಬಂದ ಜೊತೆಗಾರ ಮೂಸಬ್ಬ ನಕ್ಕುಬಿಟ್ಟ.

“ಸಂಕಪ್ಪಣ್ಣ, ಬೀಳುವಾಗ ಏಣಿಯನ್ನೂ ಕರ್ಕೊಂಡು ಹೋಗ್ತೀರಾ? ಒಬ್ಬರೇ ಹೋಗ್ಲಿಕ್ಕೆ ಬೇಜಾರಾ? ಅಕೋ, ಮಾಡಿನ ಮೇಲೆ ಹಾದ ಕಬ್ಬಿಣದ ಗರ್ಡರಿಗೆ ಹಾಕುವ. ಹಗ್ಗ ಉದ್ದ ಬಿಡಬೇಡಿ.”

“ನಿನಗೂ ರಾಜೀವಿಗೂ ಒಂದೇ ಗುರುವಾ?” ಎಂದು ಗೊಣಗುತ್ತ ಸಂಕಪ್ಪ ಕೊಕ್ಕೆ ಬದಲಿಸಿದ.

ನಾಲ್ಕನೆಯ ಶೀಟಿಗೆ ಕಾಲಿಟ್ಟದ್ದೇ ತಡ, ಅದು ಹಪ್ಪಳದಂತೆ ಮುರಿಯಿತು. ಸಂಕಪ್ಪ ಕೆಳಕ್ಕೆ ಜಾರಿದ. ಮರುಕ್ಷಣ ತೊಡೆಗೆ ಪಟ್ಟಿ ಕಚ್ಚಿತು. ಇಪ್ಪತ್ತು ಅಡಿ ಕೆಳಗೆ ಗಿರಣಿಯ ಯಂತ್ರ. ನಡುವೆ ಸಂಕಪ್ಪ, ತೂಗುತ್ತ. ಮೂಸಬ್ಬನೂ ಗಿರಣಿಯವರೂ ಓಡಿ ಬಂದು, ಏಣಿ ಒಡ್ಡಿ ಇಳಿಸಿದರು.

ಸಂಕಪ್ಪ ಬೆಲ್ಟನ್ನು ಕಣ್ಣಿಗೊತ್ತಿಕೊಂಡ. “ಇದನ್ನಿನ್ನು ಸಾಯುವವರೆಗೆ ಬಿಡುವುದಿಲ್ಲ.”

“ಇದನ್ನು ಬಿಡಲೇಬೇಕು ಅಣ್ಣ.” ಮೂಸಬ್ಬ ಚೂರಿಯಿಂದ ಪಟ್ಟಿಗಳನ್ನು ಕತ್ತರಿಸಿದ. “ಒಮ್ಮೆ ಬಿದ್ದವನನ್ನು ಹಿಡಿದ ಬೆಲ್ಟಿನ ನೂಲು ಕಣ್ಣಿಗೆ ಕಾಣದ ಹಾಗೆ ಸೋತಿರ್ತದೆ. ನಾಳೆ ಹೊಸದು ತರುವ.”

ಸಂಜೆ ಸಂಕಪ್ಪ ನಡೆದದ್ದನ್ನು ಹೇಳಿ ಆ ಪಟ್ಟಿಯ ತುಂಡುಗಳನ್ನು ರಾಜೀವಿಯ ಮುಂದಿಟ್ಟ. ಅವಳು ಗಂಡನಿಗೆ ಅನ್ನ ಬಡಿಸಿ, ಸುತ್ತಿಗೆ ತಂದು ಗೋಡೆಯ ಮೊಳೆಯನ್ನೇ ಕಿತ್ತಳು.

“ಮತ್ತೆ ಹೊಸತನ್ನು ಎಲ್ಲಿ ನೇತುಹಾಕುವುದು?”

“ನಿಮ್ಮ ಮೈಮೇಲೆ.”

ಬಂಧುಗಳೇ, ನಿಮ್ಮ ಮನೆಯ ಬೆಲ್ಟೂ ಮೊಳೆಯಲ್ಲಿದ್ದರೆ ಇಂದೇ ಇಳಿಸಿರಿ. ಹೊಲಿಗೆ, ಕೊಕ್ಕೆ ಪರೀಕ್ಷಿಸಿ ತೊಡಿರಿ. ತಲೆಗಿಂತ ಮೇಲೆ, ಭಾರ ತಡೆಯುವ ಕಡೆ ಸಿಕ್ಕಿಸಿರಿ. ಹಲಗೆ ಹಾಸದೆ ಹಳೆಯ ಶೀಟನ್ನು ತುಳಿಯದಿರಿ. ಕೆಲಸ ಕೊಡುವವರೇ, ಬೆಲ್ಟಿಲ್ಲದವರನ್ನು ಮಾಡಿಗೆ ಹತ್ತಿಸದಿರಿ.

ಬಂಟ್ವಾಳಕ್ಕೆ ಹೋಗುವ ಬಸ್ಸು ಬಂತು. ಬಸ್ಸು ನಿಲ್ದಾಣದಲ್ಲಿ ಈ ಕರಪತ್ರ ಹಂಚಿ ಕಥೆ ಹೇಳಿದವನು ಉಳಿದ ಕಟ್ಟನ್ನು ಚೀಲಕ್ಕೆ ತುಂಬಿ ಹೊರಡುತ್ತಾನೆ. ಅಲ್ಲಿಯೂ ಮಾಡುಗಳುಂಟು, ಮೊಳೆಗಳೂ ಉಂಟು.