ಶೆಟ್ಟೆವ್ವನ ಬಲಗಾಲು

ಯಂಕಂಚಿಯ ಶೆಟ್ಟೆವ್ವನನ್ನು ಸಿಂದಗಿಯ ಸರಕಾರಿ ದವಾಖಾನೆಗೆ ತಂದಾಗ ಬೆಳಗಿನ ರೋಗಿಗಳ ಸಾಲು ಇನ್ನೂ ಕರಗಿರಲಿಲ್ಲ. ಬಂಡಿಯಲ್ಲಿ ಜೋಳದ ಕಣಕಿ ಹರವಿ, ಮೇಲೆ ಕೌದಿ ಹಾಸಿ ಮಲಗಿಸಿದ್ದರು. ಎಪ್ಪತ್ತರ ಆಚೀಚಿನ ಮುದುಕಿ. ಮೈಯೆಲ್ಲ ಒಣಗಿದ ತೊಗರಿ ಕಟ್ಟಿಗೆ. ಹೊಟ್ಟೆ ಮಾತ್ರ ತುಂಬು ಬಸುರಿಯದರಂತೆ ಉಬ್ಬಿತ್ತು. ಮೂರು ದಿನದಿಂದ ಮಲವಿಲ್ಲ, ಗಾಳಿಯೂ ಸರಿದಿಲ್ಲ, ಕುಡಿದ ನೀರು ಹಸಿರಾಗಿ ವಾಂತಿಯಾಗುತ್ತಿದೆ ಎಂದು ಮಗ ಚಂದಪ್ಪ ಹೇಳಿದ. ಹೊಕ್ಕುಳ ಸರಿದಿದೆ ಎಂದು ಊರಲ್ಲಿ ಎಣ್ಣೆ ಹಚ್ಚಿ ತಿಕ್ಕಿಸಿದ್ದರು. ಹಿಂದೆಯೂ ಹೀಗಾಗಿ ತಿಕ್ಕಿಸಿದ ಮೇಲೆ ಇಳಿದಿತ್ತಂತೆ. ಈ ಸಲ ಇಳಿಯಲಿಲ್ಲ.

ಶಸ್ತ್ರವೈದ್ಯ ಬಸಂತರಾಯ ಬಾಗೇವಾಡಿಯವನು. ಹುಬ್ಬಳ್ಳಿಯಲ್ಲಿ ಓದಿ ಸಿಂದಗಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಕರುಳಿನ ದಾರಿ ಕಟ್ಟಿದೆ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಸ್ಟೆತಾಸ್ಕೋಪಿನಲ್ಲಿ ಕರುಳು ಗುದ್ದಾಡುವ ಸದ್ದು ಸ್ಪಷ್ಟವಾಗಿತ್ತು. ಯಾಕೆ ಕಟ್ಟಿದೆ ಎಂಬುದೇ ತಿಳಿಯಲಿಲ್ಲ. ಹೊಟ್ಟೆಯ ಮೇಲೆ ಹಳೆಯ ಆಪರೇಷನ್ನಿನ ಗೆರೆಯಿಲ್ಲ. ನರ್ಸ್ ಸೈದಾಬಿ ಸೀರೆಯ ಮರೆಯಲ್ಲೇ ತೊಡೆಸಂದುಗಳನ್ನು ಮುಟ್ಟಿ, ಕೆಮ್ಮಿಸಿ ನೋಡಿ, ಎರಡೂ ಕಡೆ ಸಪಾಟ, ಉಬ್ಬಿಲ್ಲ ಎಂದಳು.

ದೊಡ್ಡ ಡಾಕ್ಟರು ಅಪ್ಪಾಸಾಬರು ಬಂದು ನಾಡಿ ಹಿಡಿದರು. ಅವರ ಮಾತು ನೇರ. ಒಳಗೆ ಏನಿದೆ ಎಂದು ತಿಳಿಯದೆ ಇಂಥ ಜೀವದ ಹೊಟ್ಟೆ ತೆರೆದು ತಡಕಾಡುವ ಜಾಗ ಇದಲ್ಲ. ಏನಿದೆ ಎಂದು ಬಸಂತರಾಯ ಹೇಳಿದರೆ ತಾವೇ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುತ್ತಾರೆ. ಇಲ್ಲವಾದರೆ ಜೀಪು ತಯಾರಿದೆ, ವಿಜಾಪುರಕ್ಕೆ ಕಳಿಸೋಣ. ಬಸಂತರಾಯನಿಗೂ ಅದು ಸರಿಯೆನಿಸಿತು. ಆದರೆ ಆ ರಸ್ತೆಯ ದೂರ, ಗುಂಡಿಗಳು ಅವನಿಗೆ ಗೊತ್ತಿದ್ದವು. ಸಿಕ್ಕಿಬಿದ್ದ ಕರುಳು ಅಷ್ಟು ಹೊತ್ತು ಜೀವ ಹಿಡಿದಿರುತ್ತದೆ ಎಂಬ ಭರವಸೆ ಇರಲಿಲ್ಲ. ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆಯ ನೀರು ತೆಗೆಯಲು, ಕೈಗೆ ಸಲೈನ್ ಹಚ್ಚಲು ಹೇಳಿ, ಅವನು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತ.

ಮುದುಕಿ ಬಲಗಾಲನ್ನು ಮಡಚಿ ಹೊಟ್ಟೆಗೆ ಒತ್ತಿಕೊಂಡೇ ಮಲಗಿದ್ದಳು.

"ಎಲ್ಲಿ ಬ್ಯಾನಿ ಆಯಿ?"

"ಹೊಟ್ಟಿ, ಯಪ್ಪಾ. ಮತ್ತ ಮೊಳಕಾಲು."

ಮೊಳಕಾಲಿಗೆಂದು ಬಜಾರದ ಡಾಕ್ಟರ ಹತ್ತಿರ ಗುಳಿಗೆ, ಮುಲಾಮು ಎಲ್ಲ ಆಗಿತ್ತಂತೆ. ಅವನು ಮೊಳಕಾಲನ್ನು ಒತ್ತಿದ, ತಿರುಗಿಸಿದ. ಬಾವು ಇಲ್ಲ, ನೀರು ತುಂಬಿಲ್ಲ, ಹರೆಯದವರ ಕೀಲಿನಂತೆ ನುಣ್ಣಗೆ ಆಡಿತು. ಆದರೆ ಕಾಲನ್ನು ಚಾಚಿಸಿ ಸ್ವಲ್ಪ ಹೊರಗೆ ಸರಿಸಿದ ಕೂಡಲೇ ಅವಳು ನರಳಿದಳು. ಅವಳ ಕೈ ಮೊಳಕಾಲಿಗೆ ಹೋಗಲಿಲ್ಲ. ತೊಡೆಯ ಒಳಮಗ್ಗುಲಿನ ಸೀರೆಯನ್ನು ಬಿಗಿಯಾಗಿ ಹಿಡಿದು, ಅವನು ನೋಡುತ್ತಿದ್ದಾನೆಂದು ತಿಳಿದು ತಟ್ಟನೆ ಬಿಟ್ಟುಬಿಟ್ಟಿತು.

ಬಸಂತರಾಯನಿಗೆ ಆ ಕೈ ಪರಿಚಯದ್ದು. ಅವನ ಮನೆಯ ಹೆಂಗಸರಿಗೂ ಪಾದ, ಮೊಳಕಾಲು, ಹೊಟ್ಟೆ ಇಷ್ಟೇ ಇದ್ದವು; ನಡುವಿನದಕ್ಕೆ ಗಂಡಸರ ಮುಂದೆ ಹೆಸರಿರಲಿಲ್ಲ. ಬಜಾರದ ಡಾಕ್ಟರು ಹೆಸರಿದ್ದ ಜಾಗಕ್ಕೆ ಮದ್ದು ಕೊಟ್ಟಿದ್ದರು.

ಕಾಲು ಯಾವಾಗಿನಿಂದ ಹೀಗೆ ಎಂದು ಸೊಸೆ ಗುಂಡವ್ವನನ್ನು ಕೇಳಿದ. ಅವಳಿಗೆ ಯಾರಾದರೂ ಕೇಳಿದರೆ ಸಾಕಾಗಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದರೂ ಅತ್ತೆಗೆ ಕೈಯಲ್ಲಿ ಬೀಸಿದ ಹಿಟ್ಟೇ ಆಗಬೇಕು. ದಿನಾ ಇಬ್ಬರೂ ಬೀಸುಕಲ್ಲಿಗೆ ಎದುರು ಬದುರು ಕೂಡುತ್ತಾರೆ.

"ಮೊದಲ ಬಲಗಾಲು ಚಾಚಿ ಕುಂದರತಿದ್ರರಿ. ಯುಗಾದಿ ಆದಮ್ಯಾಲ ಮಡಚಿಕೊಂಡ ಕುಂದರತಾರ. ಬೀಸೂವಾಗ ಅವರ ಮೊಳಕಾಲು ನನಗ ಬಡಿತೈತಿ. ಯಾಕ ಅಂದರ, ಚಾಚಿದರ ಹೊಟ್ಟಿ ಹಿಂಡತೈತಿ ಅಂತಾರ. ಕಾಲು ಚಾಚಿದರ ಹೊಟ್ಟಿ ಹ್ಯಾಂಗ ಹಿಂಡತೈತ್ರಿ? ಬೀಸೂದು ತಪ್ಪಸಾಕ ನೆವ ತಗದಾರ ಅಂತ ನಾನೂ ಅಂದೇನಿ."

"ಅಂದಾಳ," ಎಂದಳು ಶೆಟ್ಟೆವ್ವ ಕಣ್ಣು ಮುಚ್ಚಿಕೊಂಡೇ. "ಓಣಿಯೊಳಗೆಲ್ಲಾ ಅಂದಾಳ."

ಮಡಚಿದರೆ ಏನಾಗುತ್ತಿತ್ತು ಎಂದು ಕೇಳಿದ. ಹೊಟ್ಟೆ ಗುರ್ರ್ ಎಂದು ಹಗುರಾಗುತ್ತಿತ್ತಂತೆ.

ಬಸಂತರಾಯನಿಗೆ ಹುಬ್ಬಳ್ಳಿಯ ಶವಚ್ಛೇದನದ ಮೇಜು ಕಣ್ಣಿಗೆ ಬಂತು. ಸೊಂಟದೆಲುಬಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ಕಿಂಡಿ. ಪೊರೆ, ಮಾಂಸ ಅದನ್ನು ಮುಚ್ಚಿರುತ್ತವೆ. ಮೇಲಂಚಿನಲ್ಲಿ ಒಂದು ಸಣ್ಣ ಸಂದು ಮಾತ್ರ ಉಳಿದು, ಅದರೊಳಗಿಂದ ಒಂದು ನರ ತೊಡೆಯ ಒಳಮಗ್ಗುಲಿಗೆ ಇಳಿದು ಮೊಳಕಾಲಿನವರೆಗೂ ಹೋಗುತ್ತದೆ. ಸಂದಿನ ಉಳಿದ ಜಾಗದಲ್ಲಿ ಕೊಬ್ಬು. ಮೈ ಕರಗಿದ, ಹಲವು ಹೆತ್ತ ಮುದುಕಿಯರಲ್ಲಿ ಆ ಕೊಬ್ಬು ಹೋಗಿ, ಸಂದು ಸಡಿಲಾಗಿ, ಕರುಳಿನ ಒಂದು ತುಣುಕು ಅಲ್ಲಿ ನುಸುಳಬಹುದು. ಅದೂ ಒಂದು ಬಗೆಯ ಹರ್ನಿಯಾ, ಆದರೆ ಹೊರಗೆ ಏನೂ ಕಾಣುವುದಿಲ್ಲ. ನರ ಒತ್ತಿ ತೊಡೆ ನೋಯುತ್ತದೆ. ಚಾಚಿದರೆ ಹೆಚ್ಚು, ಮಡಚಿದರೆ ಕಡಿಮೆ.

"ಎಷ್ಟು ಹೆತ್ತಿ ಆಯಿ?"

"ಒಂಬತ್ತು. ನಾಕು ಉಳದ್ವು."

ಅವನು ಎದ್ದು ಅಪ್ಪಾಸಾಬರ ಕೋಣೆಗೆ ಹೋದ. ಅವರು ಪೂರ್ತಿ ಕೇಳಿದರು. ನಡುವೆ ಒಂದು ಸಲ ತಮ್ಮ ತೊಡೆಯನ್ನು ತಾವೇ ಒತ್ತಿ ನೋಡಿಕೊಂಡರು.

"ಇಂಥಾದ್ದು ಒಂದರ ನೋಡೀರೇನು?"

"ಇಲ್ಲರಿ. ಸಂದು ನೋಡೇನಿ."

"ಪುಸ್ತಕದಾಗಿನ ರೋಗ ಸಿಂದಗಿಗೆ ಬಸ್ ಹತ್ತಿ ಬರೂದಿಲ್ಲ, ಬಸಂತರಾಯ."

"ಬಂಡಿಯೊಳಗ ಬಂದೈತ್ರಿ."

ಅಪ್ಪಾಸಾಬರು ನಕ್ಕರು, ಆದರೆ ಜೀಪನ್ನು ಬೇಡವೆನ್ನಲಿಲ್ಲ. ಕೈಗೆ ಸಿಗುವ ಗುರುತು ಒಂದಾದರೂ ಬೇಕೆಂದರು. ಗುರುತು ಸಿಗುವ ದಾರಿ ಒಂದೇ: ಒಳಗೆ ಬೆರಳು ಹಾಕಿ ಎಲುಬಿನ ಅಂಚನ್ನು ಮುಟ್ಟಿ ನೋಡಬೇಕು. ಅದನ್ನು ಕೇಳಿದ ಶೆಟ್ಟೆವ್ವ, ಮಗನ ವಯಸ್ಸಿನ ಗಂಡಸು ಮುಟ್ಟುವುದಕ್ಕಿಂತ ಸಾಯುವುದೇ ವಾಸಿ ಎಂದು ಗೋಡೆಯ ಕಡೆ ಮುಖ ಮಾಡಿದಳು. ಬಸಂತರಾಯ ವಾದಿಸಲಿಲ್ಲ. ಪರದೆ ಎಳೆಸಿದ. ಸೈದಾಬಿಯನ್ನು ಒಳಗೆ ಕಳಿಸಿ ತಾನು ಹೊರಗೆ ನಿಂತ. ದಿನಾ ಹೆರಿಗೆ ನೋಡುವ ಬೆರಳು ಅವಳದು. ಎಲ್ಲಿಗೆ ಹೋಗಬೇಕೆಂಬುದನ್ನು ಅವನು ಹೇಳಿದರೆ ಆಯಿತು.

"ಮೊದಲ ಎಡಕ್ಕ ನೋಡ್ರಿ. ಮುಂದಿನ ಎಲುಬಿನ ಅಂಚು ಹಿಡಕೊಂಡ ಪಕ್ಕಕ್ಕ ಸರೀರಿ. ಏನರ ಐತೇನು?"

"ಏನಿಲ್ಲರಿ."

"ಈಗ ಬಲಕ್ಕ. ಹಾಂಗ, ಅದೇ ಜಾಗಾ."

ಪರದೆಯ ಒಳಗೆ ಮುದುಕಿ ನರಳಿದಳು. ಬೆರಳಿನ ತುದಿಗೆ ಮೆತ್ತಗೆ ಸಣ್ಣದೊಂದು ಗಂಟು ಹತ್ತುತ್ತಿದೆ, ಮುಟ್ಟಿದ ಕೂಡಲೇ ಆಯಿ ಕಾಲು ಮಡಚುತ್ತಾಳೆ ಎಂದು ಸೈದಾಬಿ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪಾಸಾಬರು ಜೀಪಿನ ಡ್ರೈವರನಿಗೆ ಊಟಕ್ಕೆ ಹೋಗಲು ಹೇಳಿದರು.

ಚಂದಪ್ಪನಿಗೆ ಹೇಳುವುದು ಒಂದು ಬಾಕಿ ಇತ್ತು. ಹರ್ನಿಯಾ ಎಂದರೆ ಗಂಡಸರಿಗೆ ಬರುವುದು, ಹೊರಗೆ ಜೋತು ಬೀಳುವುದು ಎಂದು ಅವನು ತಿಳಿದಿದ್ದ. ತಾಯಿಗೆ ಅದು ಬಂದಿದೆ ಎಂದರೆ ಊರು ನಗುತ್ತದೆ ಎಂಬ ಅಂಜಿಕೆಯೂ ಅವನಿಗಿತ್ತು. ಬಸಂತರಾಯ ಹೊರಗೆ ನಿಂತ ಬಂಡಿಯ ಹಗ್ಗದ ಕುಣಿಕೆಯಲ್ಲಿ ಅವನ ಧೋತರದ ಅಂಚನ್ನು ತೂರಿಸಿ, ಎಳೆದು ತೋರಿಸಿದ. ಬೆಳಗಿನಿಂದ ಅರ್ಥವಾಗದ್ದು ಅದರಿಂದ ಅರ್ಥವಾಯಿತು.

"ಉಳಸ್ತೀರೇನ್ರಿ?"

"ಕರುಳಿಗೆ ಜೀವ ಇದ್ದರ ಸಡ್ಲ ಮಾಡತೇನಿ. ಇಲ್ಲಂದರ ಆ ತುಣುಕು ಕೊಯ್ದು ಜೋಡಸ್ತೇನಿ. ಎರಡೂ ನನಗ ಬರತಾವು."

ಮಧ್ಯಾಹ್ನ ನಾಡಿ ತುಂಬಿಕೊಂಡ ಮೇಲೆ ಅಪ್ಪಾಸಾಬರು ಈಥರ್ ಹನಿಸಿದರು. ಹೊಕ್ಕುಳಿನ ಕೆಳಗೆ ಹೊಟ್ಟೆ ತೆರೆದಾಗ ಉಬ್ಬಿದ ಕರುಳು ಮೇಲಕ್ಕೆ ಒತ್ತಿ ಬಂತು. ಬಸಂತರಾಯ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಕೈಯನ್ನು ನೇರ ಬಲಗಡೆ ಆಳಕ್ಕೆ ಇಳಿಸಿದ. ಹುಡುಕಲಿಲ್ಲ. ಬೆರಳು ಹೋದ ಕಡೆಯೇ ಕರುಳು ಎಲುಬಿನ ಸಂದಿನೊಳಗೆ ಹೊಕ್ಕು ಬಿಗಿದುಕೊಂಡಿತ್ತು.

"ಐತ್ರಿ," ಎಂದ.

ಎಳೆದರೆ ಹರಿಯುತ್ತದೆ. ಸಂದಿನ ಅಂಚನ್ನು ನರ ತಪ್ಪಿಸಿ ತುಸು ಬಿಡಿಸಿ, ಹಿಡಿತ ಸಡಿಲಾಗುವವರೆಗೆ ತಾಳಿ ಹೊರತೆಗೆದ. ಹೊರಬಂದ ತುಣುಕು ನೇರಳೆ ಹಣ್ಣಿನ ಬಣ್ಣದ್ದು. ಬಿಸಿನೀರಿನ ಬಟ್ಟೆ ಹೊದಿಸಿ ಕಾದ. ಕತ್ತರಿ ಕೈಗೆ ಹತ್ತಿರದಲ್ಲೇ ಇತ್ತು. ಅವನು ಅದರ ಕಡೆ ನೋಡಲಿಲ್ಲ. ಬಟ್ಟೆ ಬದಲಿಸಿದರು, ಮತ್ತೆ ಬದಲಿಸಿದರು. ಮೂರನೆಯ ಸಲ ತೆಗೆದಾಗ ಅಂಚುಗಳಲ್ಲಿ ಕೆಂಪು ಹರಿದಿತ್ತು. ಬುಡದ ರಕ್ತನಾಳದಲ್ಲಿ ಮಿಡಿತ ಸಿಕ್ಕಿತು. ಬೆರಳಿನಿಂದ ಹಗುರಾಗಿ ಮುಟ್ಟಿದ. ಒಂದು ಅಲೆ ನಿಧಾನವಾಗಿ ಎದ್ದು, ಕಪ್ಪಾಗಿದ್ದ ತುಣುಕನ್ನು ದಾಟಿ, ಆಚೆ ಹೋಯಿತು. ಅಪ್ಪಾಸಾಬರು ಈಥರಿನ ಬಾಟಲಿ ಹಿಡಿದುಕೊಂಡೇ ಬಗ್ಗಿ ನೋಡಿದರು.

ಸಂದನ್ನು ಹೊಲಿದು ಮುಚ್ಚಿ ಹೊಟ್ಟೆ ಕಟ್ಟಿದಾಗ ಹೊರಗೆ ಇನ್ನೂ ಬಿಸಿಲಿತ್ತು.

ಹೊಲಿಗೆ ಬಿಚ್ಚುವ ದಿನ ಬಸಂತರಾಯ ವಾರ್ಡಿಗೆ ಬಂದಾಗ ಶೆಟ್ಟೆವ್ವ ಮಂಚದ ಮೇಲೆ ಕುಳಿತಿದ್ದಳು, ಬಲಗಾಲನ್ನು ಉದ್ದಕ್ಕೆ ಚಾಚಿ. ಗುಂಡವ್ವ ಆ ಕಾಲನ್ನೇ ನೋಡುತ್ತ ಗಂಜಿ ಆರಿಸುತ್ತಿದ್ದಳು.

"ಈಗರ ಹೇಳು ಆಯಿ. ಎಲ್ಲಿ ಬ್ಯಾನಿ ಇತ್ತು?"

"ಮೊಳಕಾಲ, ಯಪ್ಪಾ. ಈಗ ಆರಾಮ ಐತಿ."

ಸೈದಾಬಿ ನಗು ತಡೆಯಲು ಮುಖ ತಿರುಗಿಸಿಕೊಂಡಳು. ಅವನು ಹೊಲಿಗೆ ಬಿಚ್ಚಲು ಕತ್ತರಿ ಕೇಳಿದ.

ಮುಂದಿನ ಸಂತೆಯ ದಿನ ಯಂಕಂಚಿಯ ಮುದುಕನೊಬ್ಬ ಕೋಲೂರಿಕೊಂಡು ಬಂದ. ಮೊಳಕಾಲು ನೋವೆಂದು ಹೇಳಿ, ಯಾರೂ ಕೇಳುವ ಮೊದಲೇ ಅಂಗಿ ಎತ್ತಿ ಹೊಟ್ಟೆ ತೋರಿಸಿ, ಶೆಟ್ಟೆವ್ವನ ಹಾಗೆ ತನಗೆ ಕೊಯ್ಯುವುದು ಯಾವತ್ತು ಎಂದು ಕೇಳಿದ. ಬಸಂತರಾಯ ಅವನನ್ನು ಮಲಗಿಸಿ, ಕಾಲನ್ನು ಮೆಲ್ಲಗೆ ಚಾಚಿಸಿ, ಹೊರಗೆ ಸರಿಸಿ, ಅವನ ಕೈ ಎಲ್ಲಿಗೆ ಹೋಗುತ್ತದೆಂದು ನೋಡಿದ. ಮೊಳಕಾಲಿಗೇ ಹೋಯಿತು. ಗುಳಿಗೆ ಬರೆದುಕೊಟ್ಟ.