ಸಿಂಗಾಪುರದ ಬ್ಯಾಲೆನ್ಸು

ನಂಜನಗೂಡಿನ ರೈಲ್ವೆ ಗೇಟಿನ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಸಿದ್ದುವಿಗೆ ಅರೆಬರೆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಜಂಬದ ಮಾತು ಕೇಳಿದರೆ ಇನ್ನೂ ಅಸಹ್ಯ. ಎರಡೂ ಸೇರಿ ಮನುಷ್ಯರೂಪ ತಾಳಿದಂತೆ ಬಂದವನು ಟಿ. ನರಸೀಪುರದ ಅಕ್ಕಿ ಗಿರಣಿಯ ಮಾಲೀಕ ಅಮೃತೇಶ್. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಆತ ಆಡಲು ಒಂದು ಪುಟ್ಟ ರಿಮೋಟ್ ಕಾರು ತರಿಸಿಕೊಂಡಿದ್ದ. ಬ್ಯಾಟರಿಯದಲ್ಲ, ಹರಳೆಣ್ಣೆ ಬೆರೆಸಿದ ನೈಟ್ರೋ ಇಂಧನ ಸುಟ್ಟು ಓಡುವ ಎಂಜಿನ್ನಿನದು. ನಿಂಬೆಹಣ್ಣಿನ ಗಾತ್ರದ ಆ ಎಂಜಿನ್ನು ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗುತ್ತಿತ್ತು. ದೊಡ್ಡವರಿಗೆ ಅದೂ ಸಾಲದು.

"ಇನ್ನೂ ಸ್ಪೀಡ್ ಬರಂಗೆ ಮಾಡ್ಲಾ ಸಿದ್ದು," ಅಂದ.

ಸಿದ್ದು ಹದಿನೈದು ದಿನ ಅದರ ಜೊತೆ ಬಾಳಿದ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕನ್ನು ಹೊರತೆಗೆದು, ಅದರ ಪಿನ್ನಿಗೆ ಪಿಸ್ಟನ್ನಿನ ಭಾರಕ್ಕೆ ಲೆಕ್ಕ ಹಾಕಿ ತಂತಿ ಸುತ್ತಿ, ಎರಡು ಬ್ಲೇಡುಗಳ ಅಂಚಿನ ಮೇಲೆ ಮಲಗಿಸುತ್ತಿದ್ದ. ಭಾರವಾದ ಕಡೆಗೆ ಅದು ಉರುಳುತ್ತಿತ್ತು. ಅಲ್ಲಿ ಕೂದಲೆಳೆಯಷ್ಟು ಉಜ್ಜಿ ಮತ್ತೆ ಮಲಗಿಸುತ್ತಿದ್ದ. ಕೊನೆಗೊಂದು ದಿನ ಇಟ್ಟಲ್ಲೇ ನಿಂತಿತು; ತೂಕ ಸಮವಾಗಿ ಬ್ಯಾಲೆನ್ಸ್ ಆಗಿತ್ತು, ಇನ್ನು ಎಷ್ಟು ಜೋರಾಗಿ ತಿರುಗಿದರೂ ಅದುರದು. ಅಂಥ ಕೆಲಸ ತಾನು ಹಿಂದೆ ಮಾಡಿರಲಿಲ್ಲವೆಂದು ಅವನಿಗೇ ಗೊತ್ತಾಯಿತು, ಖುಷಿಯಾಯಿತು.

"ಗಾಳಿ ಫಿಲ್ಟರ್ ಮಾತ್ರ ತಗೀಬ್ಯಾಡಿ ಸಾ. ದೂಳು ಒಳಿಕ್ಕೋದ್ರೆ ಕತೆ ಮುಗೀತು," ಎಂದು ಹೇಳಿಯೇ ಕಳಿಸಿದ.

ಭಾನುವಾರ ಗಿರಣಿಯ ಕಣದಲ್ಲಿ ಕಾರು ಓಡಿಸುವುದೆಂದಾಯಿತು. ಏನಾದರೂ ತಿರುಪು ಸಡಿಲವಾದರೆ ಇರಲಿ ಎಂದು ಸಿದ್ದುವನ್ನೂ ಕರೆಸಿದ್ದರು. ಮೈಸೂರಿನಿಂದ ನಾಲ್ಕು ಜನ ಸ್ನೇಹಿತರು ಬಂದಿದ್ದರು. ಕಾರು ಕಿರುಚಿಕೊಂಡು ಹಾರಿತು, ಕೈಯಲ್ಲಿ ಹಿಡಿದರೆ ಒಂದಿಷ್ಟೂ ಅದುರದು.

"ಸಿಂಗಾಪುರದಲ್ಲಿ ಬ್ಯಾಲೆನ್ಸ್ ಮಾಡಿಸಿದ್ದು," ಅಂದ ಅಮೃತೇಶ್, ಸಿದ್ದು ಮೂರು ಮಾರು ದೂರದಲ್ಲಿ ನಿಂತಿರುವಾಗಲೇ.

ಸಿದ್ದು ಅವನ ಮುಖವನ್ನೇ ನೋಡಿದ. ಕೂಲಿ ಕೊಟ್ಟಿದ್ದ, ಸರಿ. ಕೆಲಸ ಯಾರದೆನ್ನುವುದನ್ನೂ ಅದರಲ್ಲೇ ಕೊಂಡುಕೊಂಡಿದ್ದನೇ?

ಆರನೇ ಸುತ್ತಿಗೆ ಕಾರು ಕೆಮ್ಮಿ ನಿಂತಿತು. ಸಿದ್ದು ಕೂತು ಬಿಚ್ಚಿದ. ಫಿಲ್ಟರ್ ಇರಲಿಲ್ಲ, ಸ್ಪೀಡು ಸಿಗಲೆಂದು ಅಮೃತೇಶ್ ಬೆಳಿಗ್ಗೆಯೇ ಕಿತ್ತೆಸೆದಿದ್ದ. ಒಳಗೆಲ್ಲ ಭತ್ತದ ದೂಳು ಹರಳೆಣ್ಣೆಯಲ್ಲಿ ಕಲಸಿ, ಮೂಗಿನ ಸಿಂಬಳದಂತೆ ಅಂಟಿತ್ತು. ಸಿಲಿಂಡರಿನ ಗೋಡೆ ಉದ್ದಕ್ಕೂ ಗೀರಿಹೋಗಿತ್ತು.

ಅಮೃತೇಶ್ ಬಗ್ಗಿ ಅವನ ಕಿವಿಯಲ್ಲಿ, "ಸಿಂಗಾಪುರದೋರ ಕೆಲ್ಸ ಸರಿಯಿಲ್ಲ ಅಂದ್ಬುಡ್ಲಾ. ನಿಂಗೇನ್ ಹೋಯ್ತದೆ?" ಅಂದ.

ಕುಣಿಯಲಾರದವಳಿಗೆ ನೆಲ ಡೊಂಕು, ಅದಕ್ಕೆ ಸಾಕ್ಷಿ ಹೇಳಲು ನೆಲವೇ ಬರಬೇಕು! ತಾನು ಕೂದಲೆಳೆ ಕೂದಲೆಳೆಯಾಗಿ ಮಾಡಿದ್ದನ್ನು ತಾನೇ ಬಾಯಾರೆ ಬೈಯಬೇಕು. ಸಿದ್ದು ಎದ್ದು ಸ್ನೇಹಿತರ ಕಡೆ ತಿರುಗಿ ನಿಂತ.

"ಸಿಂಗಾಪುರನೂ ಇಲ್ಲ, ಎಂತದೂ ಇಲ್ಲ ಸಾ. ಬ್ಯಾಲೆನ್ಸ್ ಮಾಡಿದೋನು ನಾನು, ನಂಜನಗೂಡಲ್ಲಿ. ಇವ್ರು ಫಿಲ್ಟರ್ ಕಿತ್ತಾಕವ್ರೆ. ಇಕ್ಕಳಿ, ನೋಡಿ ದೂಳ."

ಬೆರಳಿಗೆ ಬಳಿದ ಕೊಳೆಯನ್ನು ಯಾರೂ ನೋಡಲಿಲ್ಲ. ಕನ್ನಡಕದವನೊಬ್ಬ ಅಮೃತೇಶನ ಹೆಗಲು ತಟ್ಟಿ ನಕ್ಕ.

"ಅಲ್ರೀ, ಪಂಪ್‌ಸೆಟ್ ರಿಪೇರಿಯವನ ಕೈಲಿ ಮಾಡಿಸಿದ್ರಾ? ಕೆಟ್ಟು ಹೋಗದೆ ಇನ್ನೇನಾಗುತ್ತೆ!"

ಎಲ್ಲರೂ ನಕ್ಕರು. ಅಮೃತೇಶನ ಮುಖಕ್ಕೆ ಜೀವ ಬಂತು. "ಹೂಂ ಸಾರ್, ನಂಬಿ ಕೆಟ್ಟೆ," ಎಂದು ಅವನೂ ನಕ್ಕ. ಸಿದ್ದು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ.

"ಲೇ, ಜೋಡಿಸಿಕೊಟ್ಟು ಹೋಗ್ಲಾ!" ಎಂದು ಅಮೃತೇಶ್ ಕೂಗಿದ.

"ನನ್ ಕೈ ಮುಟ್ಟಿದ್ರೆ ಕೆಟ್ಟೋಯ್ತದಂತಲ್ಲ ಸಾ," ಅಂದ ಸಿದ್ದು, ತಿರುಗಿ ನೋಡದೆ. "ನೀವೇ ಜೋಡಿಸ್ಕಳಿ."